ಟೆಸ್ಮರನ ಗುಂಡುಸೂಜಿ ಹಲಗೆ

ಆರ್ವಿಲ್ ಟೆಸ್ಮರನಿಗೂ ಕುರ್ಚಿಗೂ ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ ನಮ್ಮೂರಿನ ರೇಡಿಯೋದಲ್ಲಿ ಬೇಸಿಗೆಗೆ ಬೇಸ್‌ಬಾಲ್, ಎಲೆ ಉದುರುವ ಕಾಲಕ್ಕೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ವೀಕ್ಷಕ ವಿವರಣೆ ಕೊಟ್ಟದ್ದೆಲ್ಲ ನಿಂತೇ. ಶೂ ಕಳಚಿಟ್ಟು, ಬರೀ ಕಾಲುಚೀಲದಲ್ಲಿ, ಮೈಕಿನ ತಂತಿ ಎಟುಕುವಷ್ಟು ಜಾಗದಲ್ಲಿ ಅತ್ತಿಂದಿತ್ತ ತುಳಿದಾಡುವುದು. ನೋಡುತ್ತಿದ್ದರೆ ನನಗೇ ಕಾಲುನೋವು. ಬಂದರಿನ ಗೋಧಿ ಗೋದಾಮಿನಲ್ಲಿ ಮೂಟೆ ಹೊರುವವನ ಮಗ. ಹಡಗಿನ ಸದ್ದನ್ನು ಮೀರಿ ಅಪ್ಪನನ್ನು ಊಟಕ್ಕೆ ಕೂಗಿ ಕೂಗಿ ಗಂಟಲು ಪಳಗಿತು ಎನ್ನುತ್ತಿದ್ದ. ಅವನ ಶಾಸ್ತ್ರ ಒಂದೇ: "ಸ್ಕೋರ್ ಹೇಳ್ತಾ ಇರ್ಬೇಕು. ಈಗಷ್ಟೇ ರೇಡಿಯೋ ಹಾಕಿದೋನು ಏನ್ಮಾಡ್ಬೇಕು, ಪಾಪ?"

ಫುಟ್‌ಬಾಲಿನಲ್ಲಿ ನಾನು ಅವನ ಜೊತೆಗಾತಿ. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಆಟಗಾರರ ಹೆಸರು. ಮೈದಾನಕ್ಕಿಳಿದವರ ಹೆಸರಿಗೆ ಗುಂಡುಸೂಜಿ ಚುಚ್ಚುವುದು, ಚೆಂಡು ಹಿಡಿದವನ ಹೆಸರಿನ ಮೇಲೆ ಬೆರಳಿಡುವುದು. ಅಷ್ಟೂ ಜನ ಒಬ್ಬರ ಮೇಲೊಬ್ಬರು ಬೀಳುವ ಆಟಕ್ಕೆ ಇಂಥವರೊಬ್ಬರು ಬೇಕೇ ಬೇಕು. ಬೇಸ್‌ಬಾಲಿಗೆ ಬೇಡ. ಅಲ್ಲಿ ಅವನೊಬ್ಬನೇ.

ಎಪ್ಪತ್ತೊಂದರ ಏಪ್ರಿಲ್‌ನಲ್ಲಿ ನಾನು ಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಾ ರೇಡಿಯೋ ಕೇಳುತ್ತಿದ್ದೆ. "ಹೋಯ್ತು! ಗೋಡೆ ದಾಟ್ತು! ಹೋಂ ರನ್!" ಎಂದು ಕೂಗಿದ. ಚೆಂಡು ಗೋಡೆಯ ಈಚೆಗೇ ಎದುರಾಳಿಯ ಕೈಗವಸಿನಲ್ಲಿ ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನ ಬಾರುಗಳಲ್ಲೆಲ್ಲ ನಕ್ಕರು. ನಾನು ಮಾತ್ರ ಚಾಕು ಕೆಳಗಿಟ್ಟೆ. ಚೆಂಡನ್ನಲ್ಲ, ಚೆಂಡಿನ ಹಿಂದೆ ಓಡುವವನನ್ನು ನೋಡಬೇಕು, ಅವನು ನಿಂತರೆ ಕ್ಯಾಚು ಎಂದು ನನಗೆ ಕಲಿಸಿದವನೇ ಆರ್ವಿಲ್. ಅವನು ಯಾರನ್ನೂ ನೋಡಿರಲಿಲ್ಲ. ಜನರ ಕೂಗು ಕೇಳಿ ಹೇಳಿದ್ದ.

ಮರುದಿನ ರೇಡಿಯೋ ಮ್ಯಾನೇಜರ್ ಹ್ಯಾಲೊರನ್ ನಯವಾಗಿಯೇ ಹೇಳಿದ: "ಇನ್ನೊಂದ್ಸಲ ಹಿಂಗಾದ್ರೆ ಮೈಕು ಬೇರೆಯವ್ರಿಗೆ. ಬೇಜಾರ್ ಮಾಡ್ಕೋಬೇಡಿ ಆರ್ವಿಲ್."

ಆರ್ವಿಲ್ ಅಲ್ಲಿಂದ ನೇರ ನಮ್ಮ ಅಡುಗೆಮನೆಗೆ ಬಂದ. ಕೂರಲಿಲ್ಲ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ.

"ನಾಳೆಯಿಂದ ಹಲಗೆ ತಗೊಂಡು ಬಾ ಬರ್ನಾಡೀನ್."

"ಬೇಸ್‌ಬಾಲಿಗೆ ಹಲಗೆನಾ? ನೋಡಿದೋರು ನಗ್ತಾರೆ."

"ರೇಡಿಯೋದಲ್ಲಿ ನೋಡೋರು ಯಾರೇ?"

"ತಮಾಷೆ ಬಿಡು. ಎಷ್ಟು ಕಾಣ್ಸುತ್ತೆ, ನಿಜ ಹೇಳು."

ಅವನು ಕಿಟಕಿಯ ಬಳಿ ನಿಂತ. "ಹತ್ರದ್ದು ಪರವಾಗಿಲ್ಲ. ಚೆಂಡು ಎಸೆಯೋನು ಒಂದು ಬಿಳಿ ಚುಕ್ಕೆ. ಅವನಾಚೆ ಬರೀ ಹೊಗೆ. ಕನ್ನಡಕಕ್ಕೂ ಬಗ್ಗಲ್ಲ ಅಂದ್ರು ಡಾಕ್ಟ್ರು. ಮೈಕು ಹೋದ್ರೆ ನಾನು ಸತ್ತಂಗೇ ಕಣೇ."

ಬೈದೆ. ಬೈದು, ರಾತ್ರಿಯೇ ಹಲಗೆಯ ಮೇಲೆ ಬೇಸ್‌ಬಾಲ್ ಮೈದಾನ ಬರೆದೆ. ಗೋಡೆಯ ಗೆರೆಯಾಚೆ ಬೆರಳಿಟ್ಟರೆ ಹೋಂ ರನ್, ಮುಷ್ಟಿ ಕಟ್ಟಿದರೆ ಕ್ಯಾಚು. ಕೇಳಿದವರಿಗೆ, ಅಂಕಿಅಂಶ ಬರೆದುಕೊಡಲು ಬಂದಿದ್ದೇನೆ ಎಂದೆವು. ಬೇಸಿಗೆಯಿಡೀ ನನ್ನ ಬೆರಳು ಅವನ ಬಾಯಾಗಿ ಊರೆಲ್ಲ ಓಡಾಡಿತು. ಒಂದು ತಪ್ಪೂ ಆಗಲಿಲ್ಲ. ಆದರೂ ಕುರ್ಚಿಯಲ್ಲಿ ಕೂತಲ್ಲೇ ಅವನ ತುಳಿದಾಟ ನನಗೂ ಅಂಟಿಕೊಂಡಿತ್ತು.

ಸೆಪ್ಟೆಂಬರಿನ ಕಡೆಯ ಪಂದ್ಯ. ಕಡೆಯ ಸರದಿ ನಮ್ಮದು. ನಮ್ಮವರದು ಮೂರು ರನ್, ಅವರದು ನಾಲ್ಕು, ಒಬ್ಬ ಓಟಗಾರ ಬೇಸಿನ ಮೇಲೆ. ಚೆಂಡು ಗೋಡೆ ದಾಟಿದರೆ ಅವನದೂ ಹೊಡೆದವನದೂ ಸೇರಿ ಎರಡು ರನ್. ಚೆಂಡು ಎತ್ತರಕ್ಕೆ ಹಾರಿತು. ಎದುರಾಳಿ ಓಡಿದ, ಗೋಡೆ ಹತ್ತಿ ಕೈ ಚಾಚಿದ. ಚೆಂಡು ಕೈಗವಸಿಗೆ ಬಡಿಯಿತು. ನಾನು ಎರಡೂ ಕೈ ತಲೆಯ ಮೇಲಿಟ್ಟು ಎದ್ದು ನಿಂತುಬಿಟ್ಟೆ. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಆರ್ವಿಲ್ ಹಲಗೆಯ ಮೇಲೆ ಬಗ್ಗಿದ್ದ. ಹಲಗೆಯ ಮೇಲೆ ಬೆರಳಿರಲಿಲ್ಲ. ಜನ ಕಿರುಚುತ್ತಿದ್ದರು. ಕೂಗು ಕೇಳಿ ಊಹಿಸಬಹುದಿತ್ತು. ಹೇಳಿಬಿಡಲು ಬಾಯಿ ತೆರೆದ, ಮುಚ್ಚಿದ. ಒಂದು ಕ್ಷಣ, ಎರಡು ಕ್ಷಣ ರೇಡಿಯೋದಲ್ಲಿ ಬರೀ ಗದ್ದಲ.

"ನಂಗೆ ಕಾಣಿಸ್ಲಿಲ್ಲ," ಎಂದ ಮೈಕಿನಲ್ಲೇ, ಇಡೀ ಊರಿಗೆ. "ಏಪ್ರಿಲ್‌ನಿಂದ ಕಾಣಿಸ್ತಿಲ್ಲ. ನೋಡ್ದೋಳು ಇಲ್ಲಿದಾಳೆ, ಬರ್ನಾಡೀನ್ ಅಂತ. ಅವಳೇ ಹೇಳ್ತಾಳೆ."

ಮೈಕು ನನ್ನತ್ತ ತಿರುಗಿತು. ಕೈಗವಸಿಗೆ ಬಡಿದ ಚೆಂಡು ಗೋಡೆಯಾಚೆ ಬಿತ್ತು, ಹೋಂ ರನ್, ನಮ್ಮವರು ಗೆದ್ದರು ಎಂದು ಹೇಳಿದೆ. ಹೇಳುತ್ತಿದ್ದಂತೆ ಆರ್ವಿಲ್ ಹಿಂದಕ್ಕೆ ಕೈ ಚಾಚಿ, ತಡಕಾಡಿ, ನನ್ನ ಕುರ್ಚಿಯನ್ನು ಹುಡುಕಿಕೊಂಡು ಕೂತ. ನಾನು ಮೈಕು ಮರೆತು ಅವನನ್ನೇ ನೋಡುತ್ತಿದ್ದೆ.

ಅವನು ನನ್ನ ಮೊಣಕೈಗೆ ತಿವಿದ.

"ಸ್ಕೋರ್ ಹೇಳೇ. ಈಗಷ್ಟೇ ರೇಡಿಯೋ ಹಾಕಿದೋನು ಏನ್ಮಾಡ್ಬೇಕು?"