ಕುಂಟ ಕುರಿ ಎಲ್ಲೈತೆ?

ಜಗಳೂರಿನಲ್ಲಿ ಕುರಿ ಸಾಕುವವರೊಬ್ಬರಿಗೆ ಇಯರ್‌ಫೋನಿನ ಹುಚ್ಚು. ಆದರೆ ಅವರು ಆ ದುಬಾರಿ ಇಯರ್‌ಫೋನುಗಳನ್ನು ಹಾಡು ಹಾಕಿ ಪರೀಕ್ಷಿಸುತ್ತಿರಲಿಲ್ಲ. ತಮ್ಮದೇ ಮಂದೆ ಅರಚುವ, ಮೇಯುವ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಬಸ್ಸಿಗೆ ಕಾಯುವ ನಮ್ಮಂಥವರ ಕಿವಿಗೆ ತುರುಕಿ, "ಕುಂಟ ಕುರಿ ಎಲ್ಲೈತೆ ಹೇಳ್ರಿ?" ಎನ್ನುತ್ತಿದ್ದರು. "ಎಡಗಡೆ, ಹಿಂದೆ" ಎಂದರೆ ಆ ಇಯರ್‌ಫೋನು ಪಾಸು.

ಒಮ್ಮೆ ಅವರು ಹೊಸ ಇಯರ್‌ಫೋನನ್ನೂ ಹಳೆಯದನ್ನೂ ಹೋಲಿಸುತ್ತ ಕಣ್ಣು ಮುಚ್ಚಿ ಕೂತಿದ್ದಾಗ, ನಿಜವಾದ ಮಂದೆ ಪಕ್ಕದ ಮೆಕ್ಕೆಜೋಳಕ್ಕೆ ನುಗ್ಗಿತು. ಹೊಲದ ಗೌಡರು ದೊಣ್ಣೆ ಹಿಡಿದು ಬಂದರು.

"ಬಯ್ಯೋದು ಆಮ್ಯಾಲೆ ಗೌಡ್ರೇ, ಮೊದ್ಲು ಇದನ್ನೊಂದಿಷ್ಟು ಕೇಳ್ರಿ" ಎಂದು ಇವರು ಗೌಡರ ಕಿವಿಗೆ ಹೊಸದನ್ನು ಹಾಕಿದರು. ಆಮೇಲೆ ಹಳೆಯದನ್ನು.

ಬೆನ್ನ ಹಿಂದೆ ಬೆಳೆ ಕರಕರನೆ ಖಾಲಿಯಾಗುತ್ತಿತ್ತು. ಗೌಡರು ದೊಣ್ಣೆ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು.

"ಕುಂಟ ಕುರಿ ಎರಡ್ರಾಗೂ ಎಡಕ್ಕೇ ಐತೆ. ಮೇಯೋ ಸದ್ದು ಮಾತ್ರ ಹಳೇದ್ರಾಗೇ ಚಲೋ ಬರ್ತೈತೆ ಕಣಪ್ಪ."