ಹೋರ್ಡಿಂಗ್ ಪಕ್ಕದಲ್ಲಿ ಅಚ್ಚಾದ ಮುಖ

ನಾರಾಯಣಗೂಡದಲ್ಲಿ ನಮ್ಮ ಫ್ಲೆಕ್ಸ್ ಅಂಗಡಿ ಇದ್ದ ಕಾಲಕ್ಕೆ ಊರಿಗೆಲ್ಲ ಸಾಫ್ಟ್‌ವೇರ್ ಜಪ. ಕಂಪ್ಯೂಟರ್ ಕಲಿಸುವ ಕೋಚಿಂಗ್ ಸೆಂಟರು ಗಲ್ಲಿಗೊಂದು, ಅವುಗಳ ಹೋರ್ಡಿಂಗ್ ಕಂಬಕ್ಕೊಂದು. ಮಷೀನು ನನ್ನ ಗಂಡನ ಪಾಲು, ಗಿರಾಕಿಗಳ ಜೊತೆ ಬಡಿದಾಡುವುದು ನನ್ನ ಪಾಲು. ಅವರಿಗೋ ಮಷೀನು ಬಿಟ್ಟರೆ ಬೇರೆ ಮಾತಿಲ್ಲ. ಊಟಕ್ಕೆ ಕೂತರೂ ಹೆಡ್ ಕಟ್ಟಿಕೊಂಡಿದೆ, ರೋಲ್ ಸೊಟ್ಟ ಹೋಗುತ್ತಿದೆ, ಬಣ್ಣದಲ್ಲಿ ಗೆರೆ ಬೀಳುತ್ತಿದೆ ಎಂಬ ಪುರಾಣ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಕೇಳಿ ಕೇಳಿ ನನಗೂ ಅಂಟಿದ ಪದ ಪಾಸ್. ಶಾಯಿ ಉಗುಳುವ ಹೆಡ್ ಒಂದೇ ಪಟ್ಟಿಯ ಮೇಲೆ ಎಷ್ಟು ಸಲ ಓಡಾಡುತ್ತದೋ ಅಷ್ಟು ಪಾಸ್. ಪಾಸ್ ಹೆಚ್ಚಿದರೆ ಚಿತ್ರ ನುಣುಪು, ಆದರೆ ಕೆಲಸ ಆಮೆನಡಿಗೆ. ಹೋರ್ಡಿಂಗಿಗೆ ಕಡಿಮೆ ಪಾಸ್ ಸಾಕು. ಹತ್ತಿರ ಹೋದರೆ ಬರೀ ಚುಕ್ಕಿ, ರಸ್ತೆಯ ಆಚೆಯಿಂದ ನೋಡಿದರೆ ನಗುವ ಮುಖ. ಹೀಗಾಗಿ ಯಾರು ಬಂದರೂ ನಾವು ಮೊದಲು ಕೇಳುತ್ತಿದ್ದದ್ದು, ಎಲ್ಲಿ ಕಟ್ಟುತ್ತೀರಿ, ಎಷ್ಟು ದೂರದಿಂದ ನೋಡುತ್ತಾರೆ ಎಂದು.

ಆ ಮುದುಕಿಯನ್ನು ಮಾತ್ರ ಕೇಳಲಿಲ್ಲ. ಯಾದಗಿರಿ ಕಡೆಯವಳು, ಊರಂಚಿನ ಕೂಕಟ್‌ಪಲ್ಲಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಇಟ್ಟಿಗೆ ಹೊರುತ್ತಿದ್ದಳು. ನಾವು ಕಲಬುರಗಿಯವರು, ಆ ತೆಲುಗು ಊರಿನಲ್ಲೂ ಕನ್ನಡ ಮಾತಾಡುತ್ತೇವೆಂದು ಯಾರೋ ಹೇಳಿ ಕಳಿಸಿದ್ದರು. ಸೆರಗಿನ ಗಂಟು ಬಿಚ್ಚಿ ಮಗನ ಅಂಚೆಚೀಟಿಯಷ್ಟು ಫೋಟೊ ತೆಗೆದಳು.

"ಯವ್ವಾ, ಇದನ್ನ ದೊಡ್ಡದು ಮಾಡಿ ಕೊಡ್ರಿ. ಸೊಸಿ ಬಸುರಿದ್ದಾಗನ ತೀರಿ ಹೋಗಿಬಿಟ್ಟ. ಕೂಸು ಈಗ ಅಡ್ಡಾಡಾಕತ್ತೈತಿ, ಅಪ್ಪ ಎಲ್ಲಿ ಅಂತ ಕೇಳ್ತೈತಿ. ಮಾರಿ ತೋರಸಬೇಕ್ರಿ."

ನಾವಿಬ್ಬರೂ ಕರಗಿಹೋದೆವು. ಆಗ ಮಷೀನಿನ ಮೇಲೆ ಒಂದು ಕೋಚಿಂಗ್ ಸೆಂಟರಿನ ಹೋರ್ಡಿಂಗ್ ಇತ್ತು. ಪಕ್ಕದಲ್ಲಿ ಎರಡು ಮೊಳ ಅಗಲದ ಫ್ಲೆಕ್ಸ್ ಖಾಲಿ ಹೋಗುವುದಿತ್ತು. ಅಂಥ ಅಂಚನ್ನು ಇಲ್ಲದವರಿಗೆ ಸುಮ್ಮನೆ ಕೊಡುವುದು ನಮ್ಮ ರೂಢಿ.

"ಭಾಳ ದೊಡ್ಡದು ಹೊಡದು ಕೊಡ್ತೀನಿ ಆಯಿ," ಎಂದು ಅವರು ಆ ಮುಖವನ್ನು ಹೋರ್ಡಿಂಗಿನ ಮಗ್ಗುಲಿಗೆ ಕೂರಿಸಿದರು. ಒಂದೇ ರೋಲ್, ಒಂದೇ ಓಟ, ಅದೇ ಕಡಿಮೆ ಪಾಸ್. ರಸ್ತೆಗೆ ಇಳಿದು ಹಿಡಿದು ತೋರಿಸಿದಾಗ ಮುದುಕಿ ಕೈಮುಗಿದು ಅತ್ತಳು. ನಾವು ಪುಣ್ಯ ಕಟ್ಟಿಕೊಂಡೆವೆಂದು ಬೀಗಿದೆವು.

ಕೆಲವು ವಾರಗಳ ಮೇಲೆ ಬೋರ್ಡಿನ ಅಳತೆ ತೆಗೆಯಲು ಕೂಕಟ್‌ಪಲ್ಲಿಗೆ ಹೋದವಳು, ನೋಡಿಕೊಂಡು ಬರೋಣವೆಂದು ಮುದುಕಿ ಹೇಳಿದ್ದ ಕಟ್ಟಡದ ಕಡೆ ತಿರುಗಿದೆ. ತಗಡಿನ ಶೆಡ್ಡು. ಒಳಗೆ ಕಾಲು ಚಾಚಿದರೆ ಗೋಡೆ ತಾಕುತ್ತಿತ್ತು. ಹಿಂದೆ ಸರಿದು ನಿಂತು ನೋಡಲು ಅಲ್ಲಿ ಜಾಗವೇ ಇರಲಿಲ್ಲ.

"ಒಳಗ ಹಚ್ಚಿದ್ರ ಮಾರಿನ ಕಾಣಂಗಿಲ್ರಿ, ಬರೇ ಚುಕ್ಕಿ. ಅದಕ್ಕ ಹೊರಗ ಕಟ್ಟೀನಿ," ಎಂದಳು, ತಪ್ಪು ತನ್ನದೇ ಎಂಬಂತೆ.

ಜಲ್ಲಿ ರಾಶಿಯ ಆಚೆ ಎರಡು ಗಳಗಳ ನಡುವೆ ಮಗ ನಗುತ್ತಿದ್ದ. ಕೂಸು ಶೆಡ್ಡಿನ ಬಾಗಿಲಿಂದ ಅವನನ್ನು ಕಂಡು "ಅಪ್ಪಾ" ಎಂದು ಕೂಗುತ್ತ ಓಡಿತು. ಹತ್ತಿರ ಹೋಗಿ ನಿಂತು ತಲೆ ಎತ್ತಿ ನೋಡಿತು. ಆಮೇಲೆ ಫ್ಲೆಕ್ಸಿನ ಅಂಚು ಸರಿಸಿ ಹಿಂದೆ ಹುಡುಕತೊಡಗಿತು.

"ದಿನಾ ಹಿಂಗ ಮಾಡ್ತೈತ್ರಿ," ಎಂದಳು ಮುದುಕಿ.

ಮನೆಗೆ ಬಂದು ಗಂಡನ ಮೇಲೆ ಎಗರಾಡಿದೆ. ಮಷೀನಿನ ಹೆಡ್ ಅದೇ ವಾರ ಕೈಕೊಟ್ಟು, ಹೊಸದು ಬರುವವರೆಗೆ ಅಂಗಡಿ ಬಾಗಿಲು ಮುಚ್ಚಿತ್ತು. ಹೆಡ್ ಬಂದ ದಿನ ಮೊದಲು ಹೊಡೆದದ್ದು ಕಂಪ್ಯೂಟರಿನಲ್ಲಿ ಉಳಿದಿದ್ದ ಆ ಮುಖವನ್ನೇ, ಅಂಗೈ ಅಗಲಕ್ಕೆ, ಮಷೀನಿಗೆ ಸಾಧ್ಯವಿದ್ದಷ್ಟು ಪಾಸ್ ಕೊಟ್ಟು. ಹಿಡಿದುಕೊಂಡು ಓಡಿದೆ. ಶೆಡ್ಡುಗಳನ್ನು ಕಿತ್ತು ಅಲ್ಲಿ ಕಾರು ನಿಲ್ಲಿಸಲು ನೆಲ ಹಾಸುತ್ತಿದ್ದರು. "ಸಬ್ ಚಲೇ ಗಯೇ ಅಮ್ಮಾ," ಎಂದ ವಾಚ್‌ಮನ್. ಎಲ್ಲರೂ ಹೊರಟುಹೋಗಿದ್ದರು, ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ.

ಆ ಅಂಗೈ ಅಗಲದ ಫೋಟೊ ಇನ್ನೂ ನನ್ನ ಬೀರುವಿನಲ್ಲಿದೆ. ಎಷ್ಟು ಹತ್ತಿರ ಹಿಡಿದರೂ ಒಂದು ಚುಕ್ಕಿಯೂ ಕಾಣುವುದಿಲ್ಲ. ನೋಡಬೇಕಾದ ಕೂಸು ಎಲ್ಲಿದೆಯೋ.