ರೇನ್‌ಕೋಟಿನ ಹಿಂದೆ ಇದ್ದವಳು

ಆ ವಿಡಿಯೋವನ್ನು ಮುಂಡಗೋಡದಲ್ಲಿ ನೋಡದವರು ಕಡಿಮೆ. ಹದಿನೆಂಟೇ ಸೆಕೆಂಡು. ಖಾಕಿ ತೊಟ್ಟ ಹೆಂಗಸೊಬ್ಬಳು ರೇನ್‌ಕೋಟನ್ನು ಕ್ಯಾಮೆರಾಕ್ಕೆ ಅಡ್ಡ ಹಿಡಿದು "ನಡೀರಿ ಹೊರಗ!" ಎಂದು ಚೀರುತ್ತಾಳೆ. ಮೇಲೆ ಕೆಂಪಕ್ಷರ: 'ಕ್ಯಾಮೆರಾ ಕಂಡು ಬೆವತ ಪೊಲೀಸಮ್ಮ!' ಕೆಳಗೆ ನಗುವ ಮುಖಗಳ ಸಾಲು. ಆ ರೇನ್‌ಕೋಟಿನ ಹಿಂದೆ ಇದ್ದವಳು ನಾನು. ಮಗು ನಿದ್ದೆಯಿಂದ ಏಳುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಮೊದಲ ಮಾತು, ಆ ರೇನ್‌ಕೋಟು ಹಿಡಿದ ತುಳಜಾ ಪೊಲೀಸಲ್ಲ. ಗೃಹರಕ್ಷಕ ದಳದವಳು. ಕರೆದ ದಿನ ಡ್ಯೂಟಿ, ಕರೆಯದ ದಿನ ಪಾಳಾ ಕಡೆಯ ತಾಂಡಾದಲ್ಲಿ ಹೊಲದ ಕೆಲಸ. ಕೈಯಲ್ಲಿ ಲಾಠಿ ಇರುತ್ತದೆ, ಅಧಿಕಾರ ಇರುವುದಿಲ್ಲ. ಹುಟ್ಟಿದ್ದು ಹಳಿಯಾಳದ ಹತ್ತಿರ. ಅಪ್ಪ ಅವ್ವ ಕಬ್ಬು ಕಡಿಯುವಾಗ ಗಾಡಿಯ ನೆರಳಲ್ಲಿ ತಮ್ಮನನ್ನು ತೂಗುತ್ತ ಓದಿದಳು, ಹತ್ತನೆಯದನ್ನು ಎರಡನೇ ಸಲಕ್ಕೆ ಪಾಸು ಮಾಡಿದಳು. ಮದುವೆಯಾದ ಮೇಲೆ ದಳದ ಅರ್ಜಿ ತಂದುಕೊಟ್ಟವನು ಮಾವ ರೂಪ್ಲಪ್ಪ. ಅತ್ತೆ ಸೋನಿಬಾಯಿ ಮಾತ್ರ "ಪ್ಯಾಂಟ್ ಹಾಕ್ಕೊಂಡು ತಾಂಡಾದಾಗ ಹೆಂಗ ಬರ್ತಿ?" ಎಂದು ಒಂದು ವಾರ ಮಾತು ಬಿಟ್ಟಿದ್ದಳಂತೆ. ಈಗ ಅವಳೇ ತಂಬಿಗೆಗೆ ಕೆಂಡ ತುಂಬಿ ಆ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಾಳೆ.

ಜೂನಿನ ಒಂದು ಮಧ್ಯಾಹ್ನ ಬಸ್ಸಿನಲ್ಲಿ ನನ್ನ ಚೀಲ ಕಳುವಾಯಿತು. ಒಳಗೆ ಮೊಬೈಲು, ಮಗುವಿನ ಲಸಿಕೆ ಕಾರ್ಡು. ದೂರು ಕೊಡಲು ಕ್ರಾಸಿನ ಹೊರಠಾಣೆಗೆ ಹೋದೆ. ಸಾಹೇಬರು ಎಲ್ಲೋ ಅಪಘಾತವಾಗಿದೆಯೆಂದು ಹೋಗಿದ್ದರು. ಬಾಗಿಲಲ್ಲಿ ತುಳಜಾ ಒಬ್ಬಳೇ. ನನ್ನ ತೋಳಿನಲ್ಲಿದ್ದ ಎಂಟು ತಿಂಗಳ ಮಗಳು ಹಸಿದು ಅತ್ತಳು. ಒಳಗಿನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಹಾಲು ಕುಡಿಸುತ್ತ ಕೂತೆ.

ಆಗ ಬಂದವನು ಸಚಿನ. ಕೋಲಿನ ತುದಿಗೆ ಮೊಬೈಲು. ಠಾಣೆ, ಚೆಕ್‌ಪೋಸ್ಟು, ಅಣೆಕಟ್ಟಿನ ಗೇಟು ಎಂದು ಸುತ್ತಿ, ಕಾವಲಿನವರನ್ನು ಕೆಣಕಿ, ಅವರ ಸಿಟ್ಟನ್ನು ಚಾನೆಲ್ಲಿಗೆ ಹಾಕುವುದು ಅವನ ಉದ್ಯೋಗ. ತುಳಜಾಳಿಗೆ ಇದೇನು ಗೊತ್ತು? ಪೇಪರಿನವನೆಂದುಕೊಂಡಳು.

"ದಳದ ಫೋಟೋಕ್ಕ ಬಂದೀರೇನ್ರಿ? ತಡೀರಿ, ಟೋಪಿ ನೆಟ್ಟಗ ಮಾಡ್ಕೋತೇನಿ" ಎಂದು ನಕ್ಕಳು.

"ಯಾವ ಕಾನೂನಿನಾಗ ನನ್ನ ತಡೀತೀರಿ?"

"ನಾ ಎಲ್ಲಿ ತಡದೇನ್ರೀ? ಕುಂದರ್ರಿ, ನೀರು ಕುಡೀರಿ. ಸಾಹೇಬ್ರು ಬರ್ತಾರ."

"ನಿಮ್ಮ ಪಗಾರ ನಾವs ಕೊಡೂದು, ಗೊತ್ತೈತಿಲ್ಲೋ?"

"ಹಂಗಾರ ಸ್ವಲ್ಪ ಲಗೂನ ಕೊಡ್ರಿ ಮತ್ತ."

ನನಗೂ ನಗು ಬಂತು. ಅವನಿಗೆ ಬರಲಿಲ್ಲ. ನೀರು ಕೊಡುವವಳ ವಿಡಿಯೋ ಯಾರು ನೋಡುತ್ತಾರೆ? ನೇರ ಒಳಗೆ ನುಗ್ಗಿ ಮೊಬೈಲನ್ನು ನನ್ನತ್ತ ತಿರುಗಿಸಿದ. "ಈ ಹೆಂಗಸನ್ನ ಯಾಕ ಕೂಡಿಸೀರಿ? ಅಕಿ ಯಾಕ ಮಾರಿ ತಿರುವ್ಯಾಳ?"

ಗೂಟದ ಮೇಲೆ ಒಣಗುತ್ತಿದ್ದ ರೇನ್‌ಕೋಟು ತುಳಜಾಳ ಕೈಗೆ ಬಂದದ್ದು ಆಗ. ಚೀರಿದ್ದು ಆಗ. ಆ ಹದಿನೆಂಟು ಸೆಕೆಂಡು ಉಳಿಯಿತು. ನಗು, ನೀರು, ಟೋಪಿ ಎಲ್ಲ ಕತ್ತರಿಗೆ ಹೋದವು.

ಠಾಣೆಯನ್ನು ಚಿತ್ರ ತೆಗೆಯಬಾರದೆಂದು ನಾನು ಹೇಳುವವಳಲ್ಲ. ನನ್ನ ಮೈದುನನನ್ನು ಒಂದು ಸಣ್ಣ ದೂರಿಗೆ ಮೂರು ದಿನ ಅಲೆದಾಡಿಸಿದವರ ಮುಂದೆ ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ ಕೈ ಮುಗಿಯುತ್ತಿದ್ದೆ. ಆದರೆ ಈ ಶೂರ ಕುರ್ಚಿಯಲ್ಲಿ ಕೂತವರನ್ನು ಕೇಳಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಹಿಡಿದ, ಮೊಲೆಯುಣಿಸುವವಳನ್ನು ಹಿಡಿದ. ಇದಕ್ಕೆ ಧೈರ್ಯ ಎನ್ನುತ್ತಾರೆಯೇ?

ನಾಲ್ಕನೇ ದಿನ ದಳದ ಕಚೇರಿಯವರು ತುಳಜಾಳಿಗೆ ಹೇಳಿದರು: ವಿವರಣೆ ಬರೆದುಕೊಡು, ಅಲ್ಲಿಯವರೆಗೆ ಡ್ಯೂಟಿ ಇಲ್ಲ, ಒಪ್ಪಿಗೆಯಾಗದಿದ್ದರೆ ಹೆಸರು ತೆಗೆಯುತ್ತೇವೆ. ಅವಳು ಬರೆದದ್ದು ಒಂದೇ ಸಾಲು, 'ನನ್ನಿಂದ ತಪ್ಪಾಯಿತು.' ನನ್ನ ವಿಷಯ ಒಂದಕ್ಷರ ಇಲ್ಲ.

ತಾಂಡಾಕ್ಕೆ ಹೋಗಿ ಬೈದೆ. "ನಾ ಅಲ್ಲಿದ್ದೆ ಅಂತ ಯಾಕ ಬರೀಲಿಲ್ಲ?"

"ಬ್ಯಾಡ ಬಿಡ್ರಿ ಅಕ್ಕಾರ. ಮುಚ್ಚಿದ್ದನ್ನ ನಾನs ತೆಗದು ತೋರಸ್ಲೇನು?"

ಸೋನಿಬಾಯಿ ಒಲೆಯ ಹತ್ತಿರದಿಂದಲೇ ಹೇಳಿದಳು: "ನಮ್ಮೊಳಗ ಕೂಸಿಗೆ ಹಾಲು ಕುಡಸಾಕ ಕುಂತ್ರ, ಮಗ್ಗಲದಾಕಿ ತನ್ನ ಸೆರಗು ಅಡ್ಡ ಹಿಡೀತಾಳವ್ವ. ಯಾರೂ ಹೇಳಬೇಕಿಲ್ಲ. ಖಾಕಿಗೆ ಸೆರಗೆಲ್ಲೈತಿ? ಕೈಗೆ ಸಿಕ್ಕಿದ್ದು ಹಿಡಿದ್ಲು."

ಮನೆಯಲ್ಲಿ ನನ್ನ ಗಂಡ ಹರೀಶ ಅಂದರು, "ನಿನ್ನ ಮಾರಿ ಎಲ್ಲೂ ಕಂಡಿಲ್ಲ, ಪುಣ್ಯ. ಈಗ ನೀನಾಗೇ ಯಾಕ ಹೋಗಿ ನಿಲ್ತಿ?" ಆದರೂ ನನ್ನ ಒತ್ತಾಯಕ್ಕೆ ಸಚಿನನಿಗೆ ಫೋನು ಮಾಡಿ, ಪೂರ್ತಿ ವಿಡಿಯೋ ಹಾಕೆಂದು ಕೇಳಿದರು.

"ಪೂರ್ತಿ ಯಾರು ನೋಡ್ತಾರ್ರಿ ಅಣ್ಣಾರ? ಅಕ್ಕಾರನ್ನ ಕ್ಯಾಮೆರಾ ಮುಂದ ಕೂಡಸ್ರಿ, ಕೂಸು ತೊಡೀಮ್ಯಾಲಿರ್ಲಿ. ಪಾರ್ಟ್ ಟೂ ಹಾಕ್ತೇನಿ, ಭಾರಿ ಓಡ್ತೈತಿ."

ಹರೀಶ ಫೋನಿಟ್ಟರು. "ನಾಳೆ ದಳದ ಆಫೀಸಿಗೆ ಹೋಗೂಣು, ಗಾಡಿ ತಗೀತೇನಿ" ಎಂದರು.

ದಳದ ಅಧಿಕಾರಿ ವಿಡಿಯೋವನ್ನು ಇನ್ನೊಮ್ಮೆ ನೋಡಿದರು. "ಇದರಾಗ ನೀವು ಕಾಣಂಗs ಇಲ್ಲಲ್ಲವಾ?"

"ಕಾಣಬಾರ್ದಂತನs ಅಕಿ ಅಡ್ಡ ನಿಂತಿದ್ಲಲ್ರಿ" ಎಂದೆ. ದನಿ ಏರಿತ್ತು, ಮಗಳು ಬೆಚ್ಚಿ ನನ್ನ ಕತ್ತು ತಬ್ಬಿದಳು. ಅವರು ಮೊಬೈಲನ್ನು ಮಗುಚಿ ಇಟ್ಟು, ಹಾಳೆಯನ್ನು ನನ್ನತ್ತ ಸರಿಸಿದರು. ಎಲ್ಲ ಬರೆದೆ. ಹೆಸರು, ಊರು, ಸಹಿ. ಹೊರಗೆ ಕೂತಿದ್ದ ತುಳಜಾ "ಯಾಕ ಬಂದ್ರಿ ಅಕ್ಕಾರ?" ಎನ್ನುತ್ತಲೇ ಮಗುವನ್ನು ಎತ್ತಿಕೊಂಡಳು.

ಸೋಮವಾರದಿಂದ ಅವಳಿಗೆ ಮತ್ತೆ ಡ್ಯೂಟಿ, ಈಗ ಬಸ್ಸು ನಿಲ್ಲುವ ಸರ್ಕಲ್ಲಿನಲ್ಲಿ. ವಿಡಿಯೋ ಮಾತ್ರ ಇನ್ನೂ ಹಾಗೇ ಇದೆ.

ನಿನ್ನೆ ಲಸಿಕೆಗೆ ಹೋಗುವಾಗ ಅವಳನ್ನು ಕಂಡೆ. ಬೈಕಿನ ಮೇಲೆ ಹೋಗುತ್ತಿದ್ದ ಯಾರೋ ಅವಳ ಗುರುತು ಹಿಡಿದು, ಬೈಕು ನಿಲ್ಲಿಸಿ "ಪೊಲೀಸಮ್ಮಾ" ಎಂದು ಕೂಗಿ ಮೊಬೈಲು ಎತ್ತಿದರು. ಟೋಪಿ ವಾರೆಯಾಗಿತ್ತು. ಅವಳು ಸರಿಮಾಡಿಕೊಳ್ಳಲಿಲ್ಲ. ಬಸ್ಸಿಗೆ ದಾರಿ ಬಿಡಿಸುತ್ತ ನಿಂತಳು.

ನಾನು ರಸ್ತೆ ದಾಟಿ ಹೋಗಿ ಬೈಕಿನವರಿಗೂ ಅವಳಿಗೂ ನಡುವೆ ಕೊಡೆ ಬಿಚ್ಚಿ ನಿಂತೆ. ಮಳೆ ಇರಲಿಲ್ಲ.